ಗಾಜಿನ ತೋಟದ ಕೊನೆಯ ಹಾಡು

ನನ್ನ ಷಡ್ಡಕ ಸೆಲಾಮಿಯ ಪಿತ್ತಕೋಶದಲ್ಲಿ ಕಡಲೆಕಾಳಿನಷ್ಟು ಕಲ್ಲೊಂದಿದೆ ಎಂದು ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಬುಧವಾರ ಸಂಜೆಯ ಹೊತ್ತಿಗೆ ಆ ಕಲ್ಲು ನಮ್ಮ ಎಸ್ಕಿಶೆಹಿರ್ ಊರಿನ ಒಂದು ಔಷಧಿ ಅಂಗಡಿ, ಒಂದು ಚಹಾ ಅಂಗಡಿ ಮತ್ತು ಎರಡು ಸಂಸಾರಗಳ ನೆಮ್ಮದಿಯನ್ನು ನುಂಗಿಹಾಕಿತ್ತು. ಒಂದು ಕಡಲೆಕಾಳಿಗೆ ಇಷ್ಟೊಂದು ಸಾಮರ್ಥ್ಯವಿದೆ ಎಂದು ಯಾರೂ ನಮ್ಮನ್ನು ಎಚ್ಚರಿಸಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಲೇ ಹೇಳಿದರು: "ಅಂಕಲ್, ಗುರುವಾರ ಬನ್ನಿ. ಹೊಟ್ಟೇಲಿ ಮೂರು ಸಣ್ಣ ತೂತು ಮಾಡಿ ತೆಗೆದುಬಿಡ್ತೀವಿ. ಶುಕ್ರವಾರ ಮನೇಲಿ ಕೂತು ಸೂಪ್ ಕುಡೀತಿರ್ತೀರಿ."

ಕಾರಿನಲ್ಲಿ ಕೂತ ಮೇಲೆ ಸೆಲಾಮಿ ಸೀಟ್ ಬೆಲ್ಟ್ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ.

"ಷಡ್ಕಾ, ಆ ಹುಡುಗಿ ನನ್ನ ಮುಖ ನೋಡಿ ಮಾತಾಡ್ಲಿಲ್ಲ, ಗಮನಿಸಿದ್ಯಾ?"

"ಏನೋ ಬರೀತಿದ್ಲು ಕಣೋ."

"ಅದೇ. ಏನು ಬರೀತಿದ್ಲು? ಗಾಡಿ ತಿರುಗಿಸು. ಎಲ್ಲರ ಹತ್ರಾನೂ ಹಲಾಲ್ ಮಾಡಿಸ್ಕೊಂಡು ಬಿಡ್ಬೇಕು."

ಹಜ್‌ಗೆ ಹೊರಡುವವರು, ಸೈನ್ಯಕ್ಕೆ ಸೇರುವವರು, ಆಪರೇಷನ್‌ಗೆ ಮಲಗುವವರು ನಮ್ಮಲ್ಲಿ ಮೊದಲು ಮಾಡುವ ಕೆಲಸ ಇದು. "ನನ್ನಿಂದ ನಿಮಗೇನಾದರೂ ಅನ್ಯಾಯವಾಗಿದ್ದರೆ ಹಲಾಲ್ ಮಾಡಿಬಿಡಿ" ಎಂದು ಕೇಳಬೇಕು. ಎದುರಿನವರು "ಹಲಾಲ್ ಆಗಲಿ" ಎನ್ನಬೇಕು. ಅಲ್ಲಿಗೆ ಹಳೆಯದೆಲ್ಲ ಮನ್ನಾ. ಏನು ಅನ್ಯಾಯ ಎಂದು ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಈ ಪದ್ಧತಿ ಇಷ್ಟು ಕಾಲ ಬಾಳಿರುವುದೇ ಆ ಜಾಣತನದಿಂದ. ನನ್ನ ಷಡ್ಡಕ ಮಾಡಿದ ತಪ್ಪೆಂದರೆ ಅವನು ವಿವರ ಕೊಡಲು ಶುರು ಮಾಡಿದ.

ಅವನ ಮೇಲಿನ ಮನೆಯ ಹಾಜೆರ್ ಅಜ್ಜಿಯೇ ಇದಕ್ಕೆ ಕಾರಣ. ತೊಂಬತ್ತರ ಹತ್ತಿರದ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, "ಏನು ಮಾಡಿದೀಯ ಅಂತ ಮೊದ್ಲು ಹೇಳು," ಎಂದರು.

"ಸುಮ್ನೆ ಅಜ್ಜಿ, ಗೊತ್ತಿದ್ದೋ ಗೊತ್ತಿಲ್ದೇನೋ..."

"ಗೊತ್ತಿಲ್ದೇ ಇರೋದನ್ನ ದೇವ್ರಿಗೆ ಬಿಡು. ಗೊತ್ತಿರೋದು ಹೇಳು."

ಸೆಲಾಮಿ ಬೆವರು ಒರೆಸಿಕೊಂಡ. "ಹದಿನೈದು ವರ್ಷದ ಹಿಂದೆ ನಿಮ್ಮ ಬಾಲ್ಕನಿಯಿಂದ ಹೂಕುಂಡ ಬಿತ್ತಲ್ಲ, ಅದು ಬೆಕ್ಕು ಬೀಳಿಸಿದ್ದಲ್ಲ. ಕೆಳಗಿಂದ ಕೋಲು ಹಾಕಿ ನಾನು ಆಂಟೆನಾ ತಿರುಗಿಸ್ತಿದ್ದೆ."

"ಅಯ್ಯೋ ಪಾಪಿ! ಆವತ್ತೇ ಬೆಕ್ಕನ್ನ ಮನೆಯಿಂದ ಓಡಿಸ್ದೆ ನಾನು! ನಾನೇನೋ ಹಲಾಲ್ ಮಾಡ್ತೀನಪ್ಪ. ಆ ಬೆಕ್ಕಿನ ಹತ್ರ ಯಾರು ಮಾಡಿಸ್ತಾರೆ?"

ಸೆಲಾಮಿ ಮೆಟ್ಟಿಲಿಳಿಯುತ್ತ ಬೆಕ್ಕಿಗಾಗಿ ನಿಜಕ್ಕೂ ಕಣ್ಣೀರು ಹಾಕಿದ. "ವಿವರ ಹೇಳಿದ್ಮೇಲೆ ಎದೆ ಹಗುರಾಯ್ತು ಷಡ್ಕಾ. ಇನ್ಮೇಲೆ ಎಲ್ಲರಿಗೂ ಹೇಳ್ತೀನಿ." ನನಗೆ ಆಗಲೇ ಹೆದರಿಕೆಯಾಯಿತು. ಏಕೆಂದರೆ ಮುಂದಿನ ಸರದಿ ಔಷಧಿ ಅಂಗಡಿಯ ಮೆಲಾಹತ್ ಅಕ್ಕನದು.

ಇಲ್ಲಿ ಓರ್ಹುನ್ ಬೊಝ್ಕಾಯಾನ ಮಾತು ಬರಲೇಬೇಕು. ಹಳ್ಳಿಯ ಸಾಝ್ ಎಂಬ ತಂತಿವಾದ್ಯಕ್ಕೆ ಕರೆಂಟು ಕೊಟ್ಟು, ಉದ್ದ ಕೂದಲು, ಗಲ್ಲದವರೆಗೆ ಇಳಿಯುವ ಮೀಸೆ ಬಿಟ್ಟು ಈ ದೇಶದ ಒಂದು ತಲೆಮಾರನ್ನು ಕುಣಿಸಿದ ರಾಕ್ ಗಾಯಕ ಅವನು. 1986ರಲ್ಲಿ 'ಗಾಜಿನ ತೋಟ' ಎಂಬ ಆಲ್ಬಂ ತಂದ. ಅದರಲ್ಲಿ ಸಾಝ್ ಇರಲಿಲ್ಲ. ಡ್ರಮ್ ಬಾರಿಸುವ ಮನುಷ್ಯನೂ ಇರಲಿಲ್ಲ; ಯಾವುದೋ ಯಂತ್ರ ಟಿಕ್ ಟಿಕ್ ಟಪ್ ಎನ್ನುತ್ತಿತ್ತು. ಇಷ್ಟನ್ನು ಜನ ಸಹಿಸುತ್ತಿದ್ದರೇನೋ. ಆದರೆ ಕ್ಯಾಸೆಟ್ಟಿನ ಮುಖಚಿತ್ರದಲ್ಲಿ ಬಿಳಿ ಸೂಟು ಹಾಕಿ ನಿಂತ ಓರ್ಹುನ್ ಅಣ್ಣನ ಮುಖದಲ್ಲಿ ಮೀಸೆಯೇ ಇರಲಿಲ್ಲ.

ರೈಲ್ವೆ ವರ್ಕ್‌ಶಾಪಿನ ಹಿಂದಿನ ಚಹಾ ಅಂಗಡಿ ಅಂದೇ ಎರಡು ಹೋಳಾಯಿತು. ಒಲೆಯ ಪಕ್ಕ ಕೂತವರು ಮೀಸೆಯವರು, ಕಿಟಕಿಯ ಪಕ್ಕ ಕೂತವರು ತೋಟದವರು. ಮೀಸೆಯವರ ಮುಖಂಡ ಭೂಗೋಳದ ಮೇಷ್ಟ್ರು ರುಶ್ತು. ಅವನು ಹನ್ನೊಂದು ಜನರನ್ನು ಪೋರ್ಸುಕ್ ನದಿಯ ಸೇತುವೆಗೆ ಕರೆದೊಯ್ದು, ಪ್ರತಿಯೊಬ್ಬರ ಕೈಯಲ್ಲೂ 'ಗಾಜಿನ ತೋಟ'ದ ಕ್ಯಾಸೆಟ್ ನೀರಿಗೆ ಎಸೆಯಿಸಿದ. ಮೊದಲು ಎಸೆದವನು ಸೆಲಾಮಿ. ತೋಟದವರ ನಾಯಕಿ ಮೆಲಾಹತ್ ಅಕ್ಕ. ಅವಳದ್ದು ಒಂದೇ ಸಿದ್ಧಾಂತ: "ಕೊನೇ ಹಾಡನ್ನ ಪೂರ್ತಿ ಕೇಳದೇ ಇರೋರಿಗೆ ಮಾತಾಡೋ ಹಕ್ಕಿಲ್ಲ." ಆ ಕೊನೆಯ ಹಾಡು ಹನ್ನೊಂದು ನಿಮಿಷದ್ದು, ಟ್ರಾಮು ಮೂಲೆ ತಿರುಗುವಾಗ ಚಕ್ರ ಕಿರುಗುಟ್ಟುವ ಹಾಗಿತ್ತು. ಆದ್ದರಿಂದ ಮಾತಾಡುವ ಹಕ್ಕು ಊರಿನಲ್ಲಿ ಅವಳೊಬ್ಬಳಿಗೇ ಉಳಿದಿತ್ತು. ಓರ್ಹುನ್ ಅಣ್ಣ ಮೀಸೆಯನ್ನು ಮತ್ತೆ ಬಿಟ್ಟು ಎಷ್ಟೋ ವರ್ಷಗಳಾದವು. ಈಗ ಅವನಿಗೆ ಎಪ್ಪತ್ತೆಂಟು. ಆ ಆಲ್ಬಮ್ಮನ್ನು ಅವನೇ ಮರೆತಿರಬಹುದು. ಚಹಾ ಅಂಗಡಿ ಮರೆತಿಲ್ಲ.

ನಾನು ಎರಡೂ ಕಡೆಯವನಲ್ಲ. ಹಳೆಯ ಕೊಳಲು ಕೇಳಿಕೊಂಡು ಬಾಯಿ ಮುಚ್ಚಿಕೊಂಡಿರುವವನು.

ಮೆಲಾಹತ್ ಅಕ್ಕ ಚೀಟಿ ನೋಡಿ ಮಾತ್ರೆ ತೆಗೆಯುತ್ತಿದ್ದಾಗ ಸೆಲಾಮಿ ಕೌಂಟರಿನ ಮೇಲೆ ಬಗ್ಗಿದ.

"ಅಕ್ಕಾ, ಹಲಾಲ್ ಮಾಡು. ಮೂವತ್ತೆಂಟು ವರ್ಷ ನಿನ್ನನ್ನ ಗೇಲಿ ಮಾಡ್ದೆ. ನಿಜ ಹೇಳ್ಬೇಕಂದ್ರೆ ನಂಗೆ 'ಗಾಜಿನ ತೋಟ' ಇಷ್ಟ. ಪ್ರತಿ ಭಾನುವಾರ ಕದ್ದು ಕೇಳ್ತೀನಿ."

ಮೆಲಾಹತ್ ಅಕ್ಕ ಕೌಂಟರ್ ಸುತ್ತಿ ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ಹಲಾಲ್ ಆಗಲಿ ಕಣೋ! ಸಾವಿರ ಸಲ ಆಗಲಿ!"

"ಯಾರಿಗೂ ಹೇಳ್ಬೇಡ."

"ಔಷಧಿ ಅಂಗಡಿಯವಳಪ್ಪ ನಾನು. ಈ ಊರಿನ ಮೂಲವ್ಯಾಧಿ ಎಲ್ಲಾ ನನ್ನ ಹೊಟ್ಟೇಲೇ ಇದೆ, ಒಂದಾದ್ರೂ ಹೊರಗೆ ಬಂದಿದ್ಯಾ?"

ಮೂಲವ್ಯಾಧಿಯ ವಿಷಯದಲ್ಲಿ ಅವಳ ಮಾತು ನಿಜ. ಆದರೆ ಇದು ಮೂಲವ್ಯಾಧಿಯಾಗಿರಲಿಲ್ಲ, ಅವಳ ಜೀವನದ ಮೊದಲ ಗೆಲುವಾಗಿತ್ತು. ಮಂಗಳವಾರ ಬೆಳಿಗ್ಗೆ ಚಹಾ ಅಂಗಡಿಗೆ ಎರಡು ಸುದ್ದಿಗಳು ಒಟ್ಟಿಗೇ ಬಂದವು: ಸೆಲಾಮಿಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಮೂರು ದಿನ ಉಳಿದರೆ ಹೆಚ್ಚು, ಮತ್ತು ಸೆಲಾಮಿ ತೋಟದವರ ಕಡೆ ಸೇರಿದ್ದಾನೆ. ಮೊದಲನೆಯದನ್ನು ಜನ ಸಮಾಧಾನದಿಂದ ತೆಗೆದುಕೊಂಡರು.

ನಾವು ಒಳಗೆ ಹೋದಾಗ ರುಶ್ತು ಮೇಷ್ಟ್ರು ಎದ್ದು ನಿಂತಿದ್ದ. ಸೆಲಾಮಿಯೂ ಅವನೂ ಸೈನ್ಯದಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿದವರು. ಸೆಲಾಮಿಯ ಮದುವೆಗೆ ಸಾಕ್ಷಿ ಸಹಿ ಹಾಕಿದವನು ರುಶ್ತು. ರೈಲ್ವೆಯಿಂದ ನಿವೃತ್ತಿಯಾದ ಮೇಲೆ ನನ್ನ ಷಡ್ಡಕನಿಗೆ ಉಳಿದ ಲೋಕವೆಂದರೆ ಮನೆಯಲ್ಲಿ ಹೆಂಡತಿ ನೆರಿಮಾನ್, ಇಲ್ಲಿ ಒಲೆ ಪಕ್ಕದ ಒಂದು ಕುರ್ಚಿ, ಅದರ ಪಕ್ಕದ ಕುರ್ಚಿಯಲ್ಲಿ ರುಶ್ತು. ಇವೂ ಹೋದರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ರುಶ್ತು ಅವನನ್ನು ಅಪ್ಪಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸಾಯೋ ಮನುಷ್ಯನ ಬಾಯಿಗೆ ಇಲ್ಲದ ಮಾತು ತುರುಕ್ತಿದ್ದಾಳೆ ಆ ಹೆಂಗಸು! ಸೇತುವೆ ಮೇಲೆ ಎಲ್ಲರಿಗಿಂತ ಮೊದ್ಲು ಎಸೆದ ಕೈ ಇದು! ಹೇಳು ಸೆಲಾಮಿ, ನಿನ್ನ ಬಾಯಲ್ಲೇ ಹೇಳು."

"ನಾನು ಸಾಯ್ತಿಲ್ಲ ರುಶ್ತು. ಕಲ್ಲು ಅಷ್ಟೇ..."

"ಧೈರ್ಯ ನೋಡಿ ಇವನದು! ಆಲ್ಬಂ ಬಗ್ಗೆ ಹೇಳು."

ಸೆಲಾಮಿ ನನ್ನ ಮುಖ ನೋಡಿದ. ನಾನು ಚಹಾದ ಲೋಟ ನೋಡಿದೆ.

"ಕಸ," ಎಂದ ಸೆಲಾಮಿ. "ಶುದ್ಧ ಕಸ."

ಒಲೆಯ ಕಡೆಯವರು ಚಪ್ಪಾಳೆ ತಟ್ಟಿದರು. ಐದು ನಿಮಿಷಕ್ಕೆ ಮೆಲಾಹತ್ ಅಕ್ಕನ ಫೋನು ಬಂತು. "ಹೆದರಿಸಿದ್ರಾ ನಿನ್ನ?" ಎಂದಳು. ಸೆಲಾಮಿ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ: "ಹ್ಞೂ ಅಕ್ಕಾ. ಹೆದರಿಸಿದ್ರು." ಹೀಗೆ ಅವನು ಒಂದೇ ದಿನದಲ್ಲಿ ಎರಡೂ ಪಕ್ಷಗಳ ಹುತಾತ್ಮನಾದ. ಬುಧವಾರ ಸಂಜೆ ಸೆಲಾಮಿಯ ಮನೆಗೆ ಹೋಗಿ ಅವನ ಕೊನೆಯ ಮಾತು ಕೇಳುವುದೆಂದು ಎರಡು ಕಡೆಯವರೂ ಬೇರೆಬೇರೆಯಾಗಿ ತೀರ್ಮಾನಿಸಿದರು.

ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಬುಧವಾರ ಬೆಳಿಗ್ಗೆ ನೆರಿಮಾನ್ ತನ್ನ ಅಕ್ಕನಿಗೆ, ಅಂದರೆ ನನ್ನ ಹೆಂಡತಿ ಪೆರಿಹಾನ್‌ಗೆ ಫೋನು ಮಾಡಿದಳು. "ಅಕ್ಕಾ, ಇವತ್ತು ಅಪ್ಪನ ಕ್ಯಾಸೆಟ್ ಹಾಕೋಣ. ಆಪರೇಷನ್‌ಗೆ ಮುಂಚೆ ಇವರು ಅಪ್ಪನ ದನಿ ಕೇಳಿ ಹೋಗ್ಲಿ."

ನಮ್ಮ ಮಾವ ದುರ್ಸುನ್ ಜರ್ಮನಿಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಅಕ್ಷರ ಬಾರದ್ದರಿಂದ ಕಾಗದಕ್ಕೆ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅವರ ಕೊನೆಯ ಕ್ಯಾಸೆಟ್ಟು ಬಂದ ವಾರವೇ ಅವರು ತೀರಿಕೊಂಡ ಸುದ್ದಿಯೂ ಬಂತು. ಮಕ್ಕಳಿಬ್ಬರೂ ಅದನ್ನು ಐದು ನಿಮಿಷ ಕೇಳಿ, ತಡೆಯಲಾಗದೆ ನಿಲ್ಲಿಸಿದವರು ಮತ್ತೆ ಹಾಕಲೇ ಇಲ್ಲ. ಅದು ನೆರಿಮಾನ್ ಮನೆಯ ಗಾಜಿನ ಕಪಾಟಿನಲ್ಲಿ ಕಸೂತಿ ಬಟ್ಟೆಯ ಮೇಲೆ ಕೂತಿತು. ಪ್ರತಿ ಹಬ್ಬಕ್ಕೂ ಅಕ್ಕತಂಗಿಯರು ಅದನ್ನು ತೆಗೆದು, ಮುತ್ತಿಟ್ಟು, ಹಣೆಗೊತ್ತಿಕೊಂಡು, ಅತ್ತು, ಮತ್ತೆ ಇಡುತ್ತಿದ್ದರು.

ನಾನು ಹೋದಾಗ ಸೆಲಾಮಿ ನನ್ನನ್ನು ಸ್ನಾನದಮನೆಗೆ ಎಳೆದುಕೊಂಡು ಚಿಲಕ ಹಾಕಿದ. ಮುಖ ಬಿಳಿಚಿಹೋಗಿತ್ತು.

"ಷಡ್ಕಾ, ಈ ಊರಲ್ಲಿ ಎಲ್ಲೂ ಟೇಪ್ ರೆಕಾರ್ಡರ್ ಸಿಗಬಾರ್ದು."

"ಯಾಕೋ?"

"ಆ ಕ್ಯಾಸೆಟ್ಟಲ್ಲಿ ಮಾವ ಇಲ್ಲ. ಓರ್ಹುನ್ ಅಣ್ಣ ಇದ್ದಾನೆ."

ನಾನು ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತೆ. ಅವನು ಅತ್ತಿಂದಿತ್ತ ಎರಡೆರಡು ಹೆಜ್ಜೆ ಹಾಕುತ್ತ ಹೇಳಿದ. ಸೇತುವೆಗೆ ಹೋಗುವ ಹಿಂದಿನ ದಿನ, ಎಸೆಯುವ ಮೊದಲು ಒಂದು ನಕಲು ಮಾಡಿಟ್ಟುಕೊಳ್ಳೋಣ ಎನಿಸಿತಂತೆ. ಅಂಗಡಿಗಳು ಮುಚ್ಚಿದ್ದವು. ಮೇಜಿನ ಖಾನೆಯಲ್ಲಿ ಹೆಸರು ಬರೆಯದ ಕ್ಯಾಸೆಟ್ಟೊಂದು ಸಿಕ್ಕಿತು, ಅದರ ಮೇಲೆ ನಕಲು ಮಾಡಿದ. ವಾರದ ನಂತರ ನೆರಿಮಾನ್ ಅದನ್ನೇ ಎತ್ತಿ ಕಣ್ಣೊರೆಸಿಕೊಳ್ಳುತ್ತ, "ಅಪ್ಪನ್ನ ಖಾನೇಲಿ ಯಾಕೆ ಬಿಟ್ಟಿದ್ದೆ ನಾನು," ಎಂದು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟಳು.

"ಹಾಗಾದ್ರೆ ಮೂವತ್ತೆಂಟು ವರ್ಷದಿಂದ ಇವರು ಹಬ್ಬ ಹಬ್ಬಕ್ಕೂ ಮುತ್ತಿಡ್ತಿರೋದು..."

"ಹೇಳ್ಬೇಡ ಷಡ್ಕಾ, ಬಾಯಿಬಿಟ್ಟು ಹೇಳ್ಬೇಡ."

"ನೀನು ಭಾನುವಾರ ಕೇಳ್ತಿದ್ದಿದ್ದು?"

"ಅದನ್ನೇ. ಇವಳು ಸಂತೆಗೆ ಹೋದಾಗ. ಮೀನಿನ ಗಾಳದ ಡಬ್ಬೀಲಿ ಪುಟ್ಟ ವಾಕ್‌ಮನ್ ಇಟ್ಟಿದೀನಿ. ಕೊನೇ ಹಾಡು ಬರೋ ಹೊತ್ತಿಗೆ ನಿಲ್ಲಿಸ್ಬಿಡ್ತೀನಿ. ಅದನ್ನ ಮಾತ್ರ ನಂಗೂ ತಡೆಯೋಕಾಗಲ್ಲ."

ಧರ್ಮಸಂಕಟದಲ್ಲಿ ಷಡ್ಡಕನಿಗೆ ಷಡ್ಡಕನೇ ಆಗಬೇಕು. ನಾನು ಮನೆಗೆ ಓಡಿ ನಮ್ಮ ಹಳೆಯ ಟೇಪ್ ರೆಕಾರ್ಡರನ್ನು ಕಲ್ಲಿದ್ದಲ ಕೋಣೆಯಲ್ಲಿ ಹೂತೆ. ಪಕ್ಕದ ಮನೆಯವರದ್ದು ಕೆಟ್ಟಿದೆಯೆಂದು ಅವರ ಪರವಾಗಿ ನಾನೇ ಸುಳ್ಳು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದೂ ಉಳಿಯಲಿಲ್ಲ ಎಂದು ಹೆಮ್ಮೆಯಿಂದ ಸೆಲಾಮಿಯ ಮನೆಗೆ ವಾಪಸ್ಸಾದರೆ, ರುಶ್ತು ಮೇಷ್ಟ್ರು ಹಾಸಿಗೆ ದಿಂಬಿನಷ್ಟು ದೊಡ್ಡ ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ.

"ನೆರಿಮಾನ್ ಫೋನು ಮಾಡಿದ್ಲು. ದುರ್ಸುನ್ ಮಾವನ ದನಿ ನಾನೂ ಕೇಳ್ಬೇಕು," ಎಂದ.

ಐದು ಗಂಟೆಗೆ ಆ ಮನೆಯ ಹಜಾರದಲ್ಲಿ ಜಾಗವಿರಲಿಲ್ಲ. ಅತಿಥಿಗಳಿಗೆ ಕೊಡುವ ಮನೆಚಪ್ಪಲಿ ಮುಗಿದು ಹೋಗಿ ಮೀಸೆಯವರಲ್ಲಿ ಇಬ್ಬರು ಹೆಂಗಸರ ಗುಲಾಬಿ ಚಪ್ಪಲಿ ಮೆಟ್ಟಿ ಗಂಭೀರವಾಗಿ ಕೂತಿದ್ದರು. ಸೋಫಾದ ಮೇಲೆ ಅವರು, ಎದುರು ಕುರ್ಚಿಗಳಲ್ಲಿ ತೋಟದವರು, ನಡುವೆ ತೂಕ ಸರಿಮಾಡಲು ಕೂರಿಸಿದಂತೆ ಹಾಜೆರ್ ಅಜ್ಜಿ. ನೆರಿಮಾನ್ ಎಲ್ಲರ ಅಂಗೈಗೂ, ಕೈ ಸವರಿಕೊಳ್ಳಲೆಂದು, ನಿಂಬೆ ಪರಿಮಳದ ಕೊಲೋನ್ ಸುರಿದಳು. ಪೆರಿಹಾನ್ ಕಪಾಟಿನಿಂದ ಕ್ಯಾಸೆಟ್ ತೆಗೆದು, ಮುತ್ತಿಟ್ಟು, ಹಣೆಗೊತ್ತಿಕೊಂಡಳು.

"ಹಳೇ ಟೇಪು, ತುಂಡಾಗತ್ತೆ," ಎಂದ ಸೆಲಾಮಿ. ಮೂವತ್ತೆಂಟು ವರ್ಷ ಅವನನ್ನು ಕಾಪಾಡಿದ ವಾಕ್ಯ ಅದು.

"ಪೆನ್ಸಿಲ್ ತಂದಿದೀನಿ, ಸುತ್ತೋಣ," ಎಂದ ರುಶ್ತು. ಗುಂಡಿ ಒತ್ತಿದ.

ಮೊದಲು ಸರಸರ ಸದ್ದು. ಆಮೇಲೆ ಟಿಕ್ ಟಿಕ್ ಟಪ್. ಆಮೇಲೆ ಟ್ರಾಮು ಮೂಲೆ ತಿರುಗಿತು. ಸೆಲಾಮಿ ಕಳೆದ ಭಾನುವಾರ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಶುರುವಾಗಿತ್ತು.

ಹಾಜೆರ್ ಅಜ್ಜಿ ಕಿವಿಗೆ ಕೈ ಹಿಡಿದು ಆಲಿಸಿ ತೀರ್ಪು ಕೊಟ್ಟರು: "ದುರ್ಸುನ್‌ಗೆ ಕೆಮ್ಮಿತ್ತು, ಒಪ್ತೀನಿ. ಆದ್ರೆ ತಾಳ ಹಿಡ್ಕೊಂಡು ಕೆಮ್ತಿರ್ಲಿಲ್ಲ."

"ಕೊನೇ ಹಾಡು!" ಎಂದು ಮೆಲಾಹತ್ ಅಕ್ಕ ಎದ್ದೇಬಿಟ್ಟಳು. ರುಶ್ತು ನಿಲ್ಲಿಸಲು ಕೈ ಚಾಚಿದ. ಅವಳು ತನ್ನ ಕೈಚೀಲವನ್ನು ಟೇಪ್ ರೆಕಾರ್ಡರಿನ ಗುಂಡಿಗಳ ಮುಂದೆ ಇಟ್ಟು, ಅದರ ಮುಂದೆ ತಾನೇ ನಿಂತಳು. "ಮುಟ್ಟಿ ನೋಡು! ಇಷ್ಟು ವರ್ಷದ ಮೇಲೆ ನಿಮ್ಮೆಲ್ಲರ ಕಿವಿಗೆ ಬಿದ್ದಿದೆ. ಅರ್ಧಕ್ಕೆ ನಿಲ್ಲಿಸೋಕೆ ಬಿಡಲ್ಲ."

"ಏನಿದು?" ಎಂದಳು ನೆರಿಮಾನ್, ಗಂಡನ ಕಡೆ ತಿರುಗಿ. "ರೀ, ಏನಿದು?"

ಸೆಲಾಮಿ ಹೊಟ್ಟೆ ಹಿಡಿದುಕೊಂಡು ಎಲ್ಲವನ್ನೂ ಹೇಳಿದ. ಖಾನೆ, ನಕಲು, ಗಾಳದ ಡಬ್ಬಿ, ಭಾನುವಾರ. ಹಿಂದೆ ಟ್ರಾಮು ತಿರುಗುತ್ತಲೇ ಇತ್ತು.

"ಪ್ರತಿ ಹಬ್ಬಕ್ಕೂ ಮುತ್ತಿಟ್ಟಿದೀನಿ ಇದಕ್ಕೆ!" ಎಂದು ನೆರಿಮಾನ್ ಚೀರಿದಳು.

"ಯೋಗ್ಯವಾದ ಆಲ್ಬಮ್ಮಿಗೇ ಇಟ್ಟಿದೀಯ ಬಿಡು," ಎಂದಳು ಮೆಲಾಹತ್ ಅಕ್ಕ. ನನ್ನ ಹೆಂಡತಿ ಕಾಲಿನ ಚಪ್ಪಲಿ ತೆಗೆದು ಎಸೆದಳು. ಅದು ಸೆಲಾಮಿಯನ್ನು ಬಿಟ್ಟು ನನಗೆ ಬಿತ್ತು. ಮೀಸೆಯವರು ತೋಟದವರನ್ನು ಬೈದರು, ತೋಟದವರು ಮೀಸೆಯ ವಿಚಾರ ಎತ್ತಿದರು, ಗುಲಾಬಿ ಚಪ್ಪಲಿಯವನೊಬ್ಬ ಮೇಜಿನ ಮೇಲೆ ಗುದ್ದಿ ಕೊಲೋನ್ ಬಾಟಲಿ ಉರುಳಿಸಿದ. ಕೂಗಾಡದೆ ಇದ್ದವನು ರುಶ್ತು ಒಬ್ಬನೇ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಸೇತುವೆ ಮೇಲೆ ನನ್ನ ಪಕ್ಕ ನಿಂತಿದ್ದೆ ನೀನು," ಎಂದ.

"ಎಸೆದದ್ದು ಅಸಲಿ ಕ್ಯಾಸೆಟ್ಟೇ ರುಶ್ತು, ದೇವರಾಣೆ."

"ನಕಲು ಮನೇಲಿ ಇಟ್ಕೊಂಡು. ನಿನ್ನೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕಸ ಅಂದೆ. ನಂಗೆ ಹಾಡಿನ ಚಿಂತೆ ಇಲ್ಲ ಸೆಲಾಮಿ." ಅವನು ಬಾಗಿಲ ಕಡೆ ನಡೆದ. "ನಾನು ಹಲಾಲ್ ಮಾಡಲ್ಲ."

ನಮ್ಮಲ್ಲಿ ಆಸ್ಪತ್ರೆಗೆ ಹೊರಟವನಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಬದ್ಧವೈರಿಯೂ ಹೇಳುವುದಿಲ್ಲ.

"ನಾನೂ ಮಾಡಲ್ಲ," ಎಂದಳು ನೆರಿಮಾನ್ ಸಣ್ಣ ದನಿಯಲ್ಲಿ.

ಸೆಲಾಮಿ ಕುರ್ಚಿಯಲ್ಲಿ ಕುಸಿದ. ಮೂರು ದಿನದಿಂದ ಒಂದು ಕಡೆ ನಿಲ್ಲದ ಮನುಷ್ಯ ಈಗ ಅಲುಗಾಡಲಿಲ್ಲ. ನಾನು ಅವನನ್ನು ಎಷ್ಟೋ ಸಲ ಬೈದಿದ್ದೇನೆ, ನೋಡಿ ನಕ್ಕಿದ್ದೇನೆ. ಆ ಹೊತ್ತು ಹೋಗಿ ಅವನ ಕುರ್ಚಿಯ ಪಕ್ಕ ನಿಂತೆ. ಹೊರಗೆ ರುಶ್ತು ಬಾಗಿಲ ಬಳಿಯ ಚಪ್ಪಲಿ ರಾಶಿಯಲ್ಲಿ ತನ್ನ ಎರಡನೇ ಬೂಟನ್ನು ಹುಡುಕುತ್ತಿದ್ದ. ಟ್ರಾಮು ಒಮ್ಮೆ ಉದ್ದಕ್ಕೆ ಕಿರುಗುಟ್ಟಿ, ದೂರವಾಗಿ, ನಿಂತುಹೋಯಿತು. ಹಾಡು ಮುಗಿಯಿತು.

ಟಕ್ ಎಂದು ಒಂದು ಸದ್ದು. ಆಮೇಲೆ ಯಾರೋ ಕೆಮ್ಮಿದರು. ತಾಳವಿಲ್ಲದ ಕೆಮ್ಮು.

"...ಅಷ್ಟೇ ಕಣ್ರೇ ಮಕ್ಳಾ. ಟೇಪು ಮುಗೀತಾ ಬಂತು ಅಂತ ಕಾಣತ್ತೆ, ಸುರುಳಿ ಸಣ್ಣಗಾಗಿದೆ."

ಪೆರಿಹಾನ್ ತಂಗಿಯ ಕೈ ಹಿಡಿದಳು. ಮಾವನ ಕ್ಯಾಸೆಟ್ಟು ಓರ್ಹುನ್ ಅಣ್ಣನ ಆಲ್ಬಮ್ಮಿಗಿಂತ ಉದ್ದವಿತ್ತು. ಕೊನೆಯ ಹಾಡನ್ನು ದಾಟಿ ಯಾರೂ ಕೇಳಿರಲಿಲ್ಲ, ಅಷ್ಟೆ.

"ಪೆರಿಹಾನ್, ತಂಗೀನ ಗದರಬೇಡ. ನೆರಿಮಾನ್, ಹೋದ ಬೇಸಿಗೇಲಿ ನಾನು ರಜಕ್ಕೆ ಬಂದಾಗ ಒಬ್ಬ ರೈಲ್ವೆ ಹುಡುಗನ್ನ ಕರ್ಕೊಂಡು ಬಂದು ತೋರಿಸಿದ್ಯಲ್ಲ... ಅವನು ನನ್ನ ರೇಡಿಯೋದ ಗುಂಡಿ ಮುರಿದ. ಮುರಿದು, ಹೇಳೋ ಧೈರ್ಯ ಇಲ್ದೆ ಜೇಬಿಗೆ ಹಾಕ್ಕೊಂಡು ಹೋದ. ನಾನು ನೋಡಿದೆ, ನೋಡದ ಹಾಗಿದ್ದೆ. ಪಾಪ, ಆವತ್ತೆಲ್ಲಾ ಊಟ ಸೇರ್ಲಿಲ್ಲ ಅವನಿಗೆ. ಕೇಡಿಲ್ಲದ ಹುಡುಗ ಕಣಮ್ಮ, ಪುಕ್ಕಲ ಅಷ್ಟೇ. ಹಲಾಲ್ ಅಂತ ಹೇಳ್ಬಿಡು ಅವನಿಗೆ. ಇಲ್ಲಿ ಹಿಮ ಬೀಳ್ತಿದೆ. ಚಹಾ ಆರಿ ಹೋಯ್ತು. ನಂದೆಲ್ಲಾ ನಿಮಗೆ ಹಲಾಲ್, ನೀವೂ ನಂಗೆ..."

ಟೇಪು ಮುಗಿದು ಗುಂಡಿ ತಾನಾಗಿ ಮೇಲೆದ್ದಿತು.

"ಹಲಾಲ್ ಆಗಲಿ ಅಪ್ಪಾ," ಎಂದರು ಅಕ್ಕತಂಗಿಯರು ಒಟ್ಟಿಗೆ.

ಸೆಲಾಮಿ ಎದ್ದು ಒಳಗೆ ಹೋದ. ಗಾಳದ ಡಬ್ಬಿ ತಂದು, ಅದರ ತಳದಿಂದ ಕಪ್ಪು ರೇಡಿಯೋ ಗುಂಡಿಯೊಂದನ್ನು ತೆಗೆದು ಹೆಂಡತಿಯ ಅಂಗೈ ಮೇಲಿಟ್ಟ. ನೆರಿಮಾನ್ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮೂಗು ಒರೆಸಿಕೊಂಡಳು.

"ಊಟ ಸೇರ್ಲಿಲ್ಲ ಅಂತ ನಾನು ಆವತ್ತು ಎಷ್ಟು ಹೆದರಿದ್ದೆ ಗೊತ್ತಾ," ಎಂದಳು. "ನನ್ನ ಅಡುಗೆ ಚೆನ್ನಾಗಿಲ್ಲ ಅಂದ್ಕೊಂಡು. ಹಲಾಲ್ ಆಗ್ಲಿ ಹೋಗಿ."

ಬಾಗಿಲಲ್ಲಿ ರುಶ್ತು ಒಂದೇ ಬೂಟಿನಲ್ಲಿ ನಿಂತಿದ್ದ. ಅದನ್ನೂ ಕಳಚಿ, ಒಳಗೆ ಬಂದು, ಸೆಲಾಮಿಯ ಪಕ್ಕದ ಕುರ್ಚಿಯಲ್ಲಿ ಕೂತ.

"ಹಲಾಲ್ ಆಗಲಿ. ಆದ್ರೆ ಆ ಹಾಡು ಕಸವೇ."

"ಕೊನೇವರೆಗೂ ಕೇಳಿದ್ಯಲ್ಲ," ಎಂದಳು ಮೆಲಾಹತ್ ಅಕ್ಕ ಕಣ್ಣೊರೆಸಿಕೊಳ್ಳುತ್ತ. "ಇನ್ನು ಬೈಯೋ ಹಕ್ಕು ನಿನಗಿದೆ."

ಗುರುವಾರ ಕಲ್ಲು ಹೊರಗೆ ಬಂತು. ಶುಕ್ರವಾರ ಸೆಲಾಮಿ ಮನೆಯಲ್ಲಿ ಕೂತು ಸೂಪ್ ಕುಡಿದ. ಮೂರು ದಿನದಲ್ಲಿ ಸಾಯುತ್ತಾನೆಂದು ಸುದ್ದಿ ಹಬ್ಬಿಸಿದವರು ಸ್ವಲ್ಪ ಮುಜುಗರಪಟ್ಟುಕೊಂಡರು. ಹಾಜೆರ್ ಅಜ್ಜಿ ಹೊಸ ಬೆಕ್ಕು ಸಾಕಿದ್ದಾರೆ. ಅದರ ಮೀನಿನ ಖರ್ಚು ನನ್ನ ಷಡ್ಡಕನದು.

ಈಗ ಹಬ್ಬಕ್ಕೆ ಎಲ್ಲರೂ ಅವನ ಮನೆಯಲ್ಲೇ ಸೇರುತ್ತೇವೆ. ಮಾವನ ದನಿ ಶುರುವಾಗುವ ಜಾಗ ಹುಡುಕಲು ಟೇಪನ್ನು ಹಿಂದೆ ಮುಂದೆ ಎಳೆದರೆ ತುಂಡಾದೀತೆಂಬ ಭಯ. ಈ ಸಲ ಆ ಭಯ ನಿಜವಾದದ್ದು. ಆದ್ದರಿಂದ ಕೊನೆಯ ಹಾಡಿನ ಆರಂಭದಿಂದಲೇ ಹಾಕುತ್ತಾರೆ. ಹನ್ನೊಂದು ನಿಮಿಷ ಮೀಸೆಯವರೂ ತೋಟದವರೂ ಕೈಕಟ್ಟಿ ಕೂತು ಕಾಯುತ್ತಾರೆ, ರುಶ್ತು ಪ್ರತಿ ಸಲವೂ ಮುಖ ಗಂಟಿಕ್ಕುತ್ತಾನೆ.

ಮೊನ್ನೆ ಪೆರಿಹಾನ್ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ಟ್ರಾಮು ಮೂಲೆ ತಿರುಗುತ್ತಿತ್ತು.

"ಯಾವ ಹಾಡೇ ಅದು?" ಎಂದೆ, ಕೆಣಕಲು.

ಅವಳು ತಿರುಗಿಯೂ ನೋಡಲಿಲ್ಲ.

"ಅಪ್ಪನ ಹಾಡು," ಎಂದಳು.